ಇನ್ನೆರಡು ದೋಣಿಗಾಗುವಷ್ಟು ತೊಗಲು: 'ಬ್ರೆಂಡನ್' ಸಮುದ್ರಯಾನದ ಪ್ರಕರಣ

ಸಾವಿರ ವರ್ಷಕ್ಕೂ ಹಳೆಯದಾದ ಲ್ಯಾಟಿನ್ ಕಥೆಯೊಂದರಲ್ಲಿ ಒಂದು ಸಾಮಾನು ಪಟ್ಟಿ ಬರುತ್ತದೆ. ಐರ್ಲೆಂಡಿನ ಕೆಲವು ಸನ್ಯಾಸಿಗಳು ಪುಣ್ಯಭೂಮಿ ಹುಡುಕಿಕೊಂಡು ಸಮುದ್ರಕ್ಕೆ ಹೊರಟಿದ್ದಾರೆ. ದೋಣಿ ಕಟ್ಟಿ ಆಗಿದೆ. ಅದರೊಳಗೆ ಅವರು ಇಟ್ಟುಕೊಂಡದ್ದು ನಲವತ್ತು ದಿನದ ಊಟದ ಸಾಮಾನು, ಇನ್ನೆರಡು ದೋಣಿಗೆ ಹೊದಿಸಲು ಆಗುವಷ್ಟು ತೊಗಲು, ಆ ತೊಗಲಿಗೆ ಬಳಿಯಲು ಜಿಡ್ಡು. ಮುಂದೆ ಅವರು ತಿಮಿಂಗಿಲದ ಬೆನ್ನನ್ನೇ ದ್ವೀಪ ಅಂದುಕೊಂಡು ಅದರ ಮೇಲೆ ಒಲೆ ಹಚ್ಚುತ್ತಾರೆ. ನಡುಸಮುದ್ರದಲ್ಲಿ ಸ್ಫಟಿಕದ ಕಂಬ ನೋಡುತ್ತಾರೆ. ಒಂದು ದ್ವೀಪದ ಕಮ್ಮಾರರು ಇವರ ಮೇಲೆ ಕೆಂಡದುಂಡೆ ಎಸೆಯುತ್ತಾರೆ. ಇಷ್ಟೆಲ್ಲ ಇರುವಾಗ ಸಾಮಾನು ಪಟ್ಟಿಯನ್ನು ಯಾರು ನಿಂತು ಓದುತ್ತಾರೆ ಹೇಳಿ?

1970ರ ದಶಕದಲ್ಲಿ ಟಿಮ್ ಸೆವೆರಿನ್ ಎಂಬ ಬ್ರಿಟಿಷ್ ಲೇಖಕ ಓದಿದರು. ಆಮೇಲೆ ಅದನ್ನೇ ನಂಬಿ ಅಟ್ಲಾಂಟಿಕ್ ಸಮುದ್ರಕ್ಕೆ ಇಳಿದರು. ಹಳೆಯ ಸಮುದ್ರಯಾನಗಳನ್ನು ಮತ್ತೆ ಮಾಡಿ ನೋಡುವ ಪ್ರಯತ್ನಗಳು ಹಲವು ನಡೆದಿವೆ. ಅವುಗಳಲ್ಲಿ ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣ, ಇಲ್ಲಿ ಉತ್ತರ ಸಿಕ್ಕಿದ್ದು ಕೇಳಿದ ಪ್ರಶ್ನೆಗಲ್ಲ, ಪಕ್ಕದಲ್ಲಿದ್ದ ಇನ್ನೊಂದು ಪ್ರಶ್ನೆಗೆ.

ಕಥೆ ಮತ್ತು ಅದರ ಹಿಂದಿನ ಜನ

ಸಂತ ಬ್ರೆಂಡನ್ ಐರ್ಲೆಂಡಿನ ಕೆರ್ರಿ ಸೀಮೆಯವರು. 5ನೇ ಶತಮಾನದ ಕೊನೆಯಲ್ಲಿ ಹುಟ್ಟಿ 6ನೇ ಶತಮಾನದಲ್ಲಿ ಬದುಕಿದವರು. ಅವರು ಏಳು ವರ್ಷ ಸಮುದ್ರದಲ್ಲಿ ಅಲೆದು, ಪಶ್ಚಿಮದಲ್ಲಿ ಒಂದು ದೊಡ್ಡ ನಾಡು ಕಂಡು ಹಿಂದಿರುಗಿದರು ಎನ್ನುತ್ತದೆ ಕಥೆ. ಇದು ಲ್ಯಾಟಿನ್‌ನಲ್ಲಿ ಬರವಣಿಗೆಗೆ ಇಳಿದದ್ದು ಮಾತ್ರ ಅವರು ತೀರಿಕೊಂಡು ಇನ್ನೂರು ಮುನ್ನೂರು ವರ್ಷ ಕಳೆದ ಮೇಲೆ. ಮಧ್ಯಯುಗದ ಯುರೋಪಿನಲ್ಲಿ ಇದಕ್ಕೆ ಎಷ್ಟು ಓದುಗರಿದ್ದರೆಂದರೆ, ಇವತ್ತಿಗೂ ನೂರಕ್ಕೂ ಜಾಸ್ತಿ ಕೈಬರಹದ ಪ್ರತಿಗಳು ಉಳಿದಿವೆ.

ಇದನ್ನು ಪೂರ್ತಿ ಕಟ್ಟುಕಥೆ ಅಂತ ತಳ್ಳಿಹಾಕುವುದು ಸುಲಭ. ಆದರೆ ಐರಿಶ್ ಸನ್ಯಾಸಿಗಳು ನಿಜವಾಗಿಯೂ ಉತ್ತರದ ಸಮುದ್ರ ಸುತ್ತಿದವರು. 825ರಲ್ಲಿ ಡಿಕುಯಿಲ್ ಎಂಬ ಐರಿಶ್ ಸನ್ಯಾಸಿ ಒಂದು ಭೂಗೋಳ ಗ್ರಂಥ ಬರೆದ. ತನಗೆ ಮೂವತ್ತು ವರ್ಷದ ಹಿಂದೆ ಕೆಲವು ಪಾದ್ರಿಗಳು ಹೇಳಿದ ಮಾತನ್ನು ಅದರಲ್ಲಿ ದಾಖಲಿಸಿದ. ಅವರು ಫೆಬ್ರವರಿಯಿಂದ ಆಗಸ್ಟ್‌ವರೆಗೆ 'ತೂಲೆ' ಎಂಬ ದ್ವೀಪದಲ್ಲಿ ಇದ್ದು ಬಂದವರು. ನಡುಬೇಸಿಗೆಯಲ್ಲಿ ಅಲ್ಲಿ ಸೂರ್ಯ ಒಂದು ಸಣ್ಣ ಗುಡ್ಡದ ಹಿಂದೆ ಮರೆಯಾದ ಹಾಗೆ ಮಾಡಿ ಮತ್ತೆ ಬರುತ್ತಾನಂತೆ. ರಾತ್ರಿಯೂ ಎಷ್ಟು ಬೆಳಕೆಂದರೆ ಅಂಗಿಯಲ್ಲಿರುವ ಹೇನನ್ನು ಹೆಕ್ಕಬಹುದಂತೆ. ಆ ತೂಲೆ ಐಸ್‌ಲ್ಯಾಂಡೇ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಹೇನಿನ ವಿಷಯವನ್ನು ಯಾರೂ ಸುಮ್ನೆ ಕಲ್ಪಿಸಿ ಹೇಳುವುದಿಲ್ಲ. ಮುಂದೆ 12ನೇ ಶತಮಾನದಲ್ಲಿ ಐಸ್‌ಲ್ಯಾಂಡಿನವರೇ ಬರೆದುಕೊಂಡ ಇತಿಹಾಸದಲ್ಲೂ ಈ ಮಾತು ಬರುತ್ತದೆ. ನಾರ್ವೆಯವರು ಬಂದು ನೆಲೆಸುವಾಗ ಅಲ್ಲಿ ಐರಿಶ್ ಸನ್ಯಾಸಿಗಳಿದ್ದರು. ಪುಸ್ತಕ, ಗಂಟೆ, ದಂಡಗಳನ್ನು ಬಿಟ್ಟು ಹೊರಟುಹೋದರು.

ಅಂದರೆ ಐಸ್‌ಲ್ಯಾಂಡಿನವರೆಗೆ ಹೋದದ್ದರಲ್ಲಿ ಹೆಚ್ಚು ತಕರಾರಿಲ್ಲ. ಅದರಾಚೆಗೆ ಹೋದರಾ? ಹೋಗಲು ಅವರ ದೋಣಿಗೆ ಸಾಧ್ಯವಿತ್ತಾ? ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಈ ಪ್ರಕರಣದ ಗೊಂದಲವೆಲ್ಲ ಹುಟ್ಟುವುದು ಇವೆರಡನ್ನು ಕಲಸುವುದರಿಂದ.

ದೋಣಿ

ಟಿಮ್ ಸೆವೆರಿನ್ 1940ರಲ್ಲಿ ಅಸ್ಸಾಮಿನಲ್ಲಿ ಹುಟ್ಟಿದವರು. ಆಕ್ಸ್‌ಫರ್ಡ್‌ನಲ್ಲಿ ಓದುವಾಗಲೇ ಮಾರ್ಕೊ ಪೋಲೊ ಹೋದ ದಾರಿಯಲ್ಲಿ ಮೋಟರ್‌ಸೈಕಲ್ ಓಡಿಸಿದ್ದರು. ಅವರ ಹೆಂಡತಿ ಮಧ್ಯಯುಗದ ಸಾಹಿತ್ಯದ ವಿದ್ವಾಂಸೆ. ಬ್ರೆಂಡನ್ ಕಥೆಯಲ್ಲಿ ಇತರ ಸಂತರ ಕಥೆಗಳಲ್ಲಿ ಇಲ್ಲದಷ್ಟು ವ್ಯಾವಹಾರಿಕ ವಿವರ ಇದೆ ಎಂದು ತೋರಿಸಿಕೊಟ್ಟವರು ಅವರೇ. ಮರದ ಹಂದರ ಕಟ್ಟಿದ್ದು, ಅದಕ್ಕೆ ಓಕ್ ತೊಗಟೆಯಲ್ಲಿ ಹದ ಮಾಡಿದ ಎತ್ತಿನ ತೊಗಲು ಹೊದಿಸಿದ್ದು, ಕೂಡಿಸಿದ ಕಡೆ ಜಿಡ್ಡು ಬಳಿದದ್ದು, ಎಲ್ಲವೂ ಕಥೆಯಲ್ಲಿದೆ. ಪವಾಡ ಹೇಳಲು ಕೂತವನಿಗೆ ಇದೆಲ್ಲ ಯಾಕೆ ಬೇಕಿತ್ತು?

ಇಂಥ ದೋಣಿಗೆ ಐರ್ಲೆಂಡಿನಲ್ಲಿ 'ಕರಕ್' ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಉದ್ದಕ್ಕೆ ಎಳೆದ ಹರಿಗೋಲು. ಅಲ್ಲಿನ ಮೀನುಗಾರರು ಈಗಲೂ ಕರಕ್ ಬಳಸುತ್ತಾರೆ. ಆದರೆ ಹೊದಿಕೆ ತೊಗಲಿನದ್ದಲ್ಲ, ಡಾಂಬರು ಬಳಿದ ಕ್ಯಾನ್ವಾಸ್. ಹಾಗಾಗಿ ಹಂದರ ಕಟ್ಟುವ ವಿದ್ಯೆಗೆ ಗುರುಗಳಿದ್ದರು, ತೊಗಲಿನ ವಿದ್ಯೆಗೆ ಇರಲಿಲ್ಲ. ದೋಣಿಯ ನಕ್ಷೆ ಬರೆದವರು ಕಾಲಿನ್ ಮುಡಿ ಎಂಬ ಹೆಸರಾಂತ ವಿನ್ಯಾಸಕಾರ.

ತೊಗಲಿನ ವಿಷಯಕ್ಕೆ ಬರೋಣ, ಯಾಕೆಂದರೆ ಪ್ರಯೋಗದ ಜೀವ ಇರುವುದು ಅಲ್ಲಿ. ಚಪ್ಪಲಿ ಒಂದು ಮಳೆಗಾಲ ನೆನೆದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಉಬ್ಬುತ್ತದೆ, ಮೆತ್ತಗಾಗುತ್ತದೆ, ಆಮೇಲೆ ಕೊಳೆಯುತ್ತದೆ. ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ತೊಗಲು ಉಳಿಯುತ್ತದೆ ಎಂದರೆ ಚರ್ಮದ ತಜ್ಞರೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಆದ್ದರಿಂದ ಮೊದಲು ನಡೆದದ್ದು ಪ್ರಯೋಗಾಲಯದ ಕೆಲಸ. ಬೇರೆ ಬೇರೆ ರೀತಿ ಹದ ಮಾಡಿದ ತುಂಡುಗಳನ್ನು, ಬೇರೆ ಬೇರೆ ಜಿಡ್ಡು ಬಳಿದು, ನೀರಿನಲ್ಲಿ ನೆನೆಸಿ, ಬಗ್ಗಿಸಿ, ತೂಗಿ ನೋಡಿದರು. ಗೆದ್ದದ್ದು ಓಕ್ ತೊಗಟೆಯಲ್ಲಿ ನಿಧಾನವಾಗಿ ಹದಗೊಂಡ ತೊಗಲು. ಅದಕ್ಕೆ ಜೋಡಿ ಉಣ್ಣೆಯ ಜಿಡ್ಡು, ಅಂದರೆ ಕುರಿಯ ತುಪ್ಪಟದಿಂದ ತೆಗೆದ ಕೊಬ್ಬು. ಹಳೆಯ ಕಥೆ ಹೇಳಿದ ತೊಗಲನ್ನೇ ಪ್ರಯೋಗಾಲಯವೂ ಆರಿಸಿತು. ನನ್ನ ಪ್ರಕಾರ ದೋಣಿ ನೀರಿಗೆ ಇಳಿಯುವ ಮುಂಚೆಯೇ ಈ ಪ್ರಕರಣದ ಅರ್ಧ ಫಲಿತಾಂಶ ಬಂದಾಗಿತ್ತು.

ಇಂಥ ತೊಗಲು ಸಿಕ್ಕಿದ್ದು ಇಂಗ್ಲೆಂಡಿನ ಕಾರ್ನ್‌ವಾಲ್‌ನ ಹಳೆಯ ಚರ್ಮದ ಕಾರ್ಖಾನೆಯೊಂದರಲ್ಲಿ. ಗುಂಡಿಯಲ್ಲಿ ತೊಗಟೆಯ ರಸದಲ್ಲಿ ತಿಂಗಳುಗಟ್ಟಲೆ ನೆನೆಸುವ ಪದ್ಧತಿಯನ್ನು ಅಲ್ಲಿ ಇನ್ನೂ ಬಿಟ್ಟಿರಲಿಲ್ಲ. 49 ಎತ್ತಿನ ತೊಗಲು ಬೇಕಾಯಿತು, ಒಂದೊಂದೂ ಸುಮಾರು ಕಾಲು ಇಂಚು ದಪ್ಪ. ಹಂದರಕ್ಕೆ ಆಶ್ ಮತ್ತು ಓಕ್ ಮರ. ಹಂದರದ ಕೋಲುಗಳನ್ನು ಬಿಗಿದದ್ದು ಚರ್ಮದ ಮಿಣಿಯಿಂದ. ಆ ಮಿಣಿಯ ಒಟ್ಟು ಉದ್ದ ಹತ್ತಿರ ಹತ್ತಿರ 3 ಕಿಲೋಮೀಟರ್. ಕುದುರೆಯ ಜೀನು, ಲಗಾಮು ಹೊಲಿಯುವ ಕಸುಬು ಗೊತ್ತಿದ್ದವರು ಬಂದು ಹೊಲಿಗೆ ಕಲಿಸಿದರು. ದಬ್ಬಣದಿಂದ ತೂತು ಮಾಡಬೇಕು, ಮೇಣ ಸವರಿದ ಅಗಸೆ ನಾರಿನ ದಾರ ಏರಿಸಬೇಕು, ಕೈ ನೋಯುವ ಹಾಗೆ ಜಗ್ಗಬೇಕು. ಒಂದು ಹೊಲಿಗೆ ಸಡಿಲವಾದರೂ ಅಲ್ಲಿ ನೀರು ಬರುತ್ತದೆ. ಹೀಗೆ 36 ಅಡಿ ಉದ್ದದ, ಎರಡು ಹಾಯಿಕಂಬದ ದೋಣಿ ತಯಾರಾಯಿತು. ಅದಕ್ಕೆ 'ಬ್ರೆಂಡನ್' ಎಂದೇ ಹೆಸರಿಟ್ಟರು. ವಾಸನೆ ಹೇಗಿತ್ತು ಅಂತ ಊಹಿಸಿಕೊಳ್ಳಿ. ಕುರಿಕೊಬ್ಬು ಮೆತ್ತಿದ 49 ತೊಗಲು!

ಮೊದಲ ಬೇಸಿಗೆ

1976ರ ಮೇ 17ರಂದು ಕೆರ್ರಿಯ ಬ್ರಾಂಡನ್ ಕ್ರೀಕ್ ಎಂಬ ಸಣ್ಣ ಕೊಲ್ಲಿಯಿಂದ ಹೊರಟರು. ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳು, ಅಲ್ಲಿಂದ ಫೇರೋ ದ್ವೀಪಗಳು, ಅಲ್ಲಿಂದ ಐಸ್‌ಲ್ಯಾಂಡ್. ಹೊಳೆ ದಾಟುವವರು ಕಲ್ಲಿನಿಂದ ಕಲ್ಲಿಗೆ ಕಾಲಿಡುವ ಹಾಗೆ ಒಂದು ನೆಲದಿಂದ ಇನ್ನೊಂದು ನೆಲಕ್ಕೆ. ಈ ದೋಣಿ ಎದುರುಗಾಳಿಗೆ ಹೋಗಲಾರದು. ಗಾಳಿ ಅಡ್ಡ ಬಂದರೆ ಪಕ್ಕಕ್ಕೆ ಜಾರುತ್ತದೆ. ಗಾಳಿ ಎಲ್ಲಿಗೆ ಒಯ್ದರೆ ಅಲ್ಲಿಗೆ, ಸ್ವಲ್ಪ ಚುಕ್ಕಾಣಿ ತಿರುಗಿಸಿದಷ್ಟು ನಮ್ಮ ಇಷ್ಟ. ಕಥೆಯ ಸನ್ಯಾಸಿಗಳು ಕೂಡ ಹುಟ್ಟು ಎತ್ತಿಟ್ಟು, ದೇವರು ಒಯ್ದ ಕಡೆ ಹೋಗೋಣ ಎನ್ನುತ್ತಾರೆ. ಅದು ಭಕ್ತಿಯ ಮಾತು ಹೌದು. ಕರಕ್ ನಡೆಸಿದವನ ಅನುಭವದ ಮಾತೂ ಹೌದು.

ತೊಗಲಿನ ದೋಣಿ ಬಾಗುತ್ತದೆ. ಅಲೆ ಅಡಿಯಿಂದ ಹಾದುಹೋಗುವಾಗ ದೋಣಿಯ ಮೈ ಅದರ ಜೊತೆಗೇ ಏರಿ ಇಳಿಯುತ್ತದೆ. ಇದು ಹೊಸ ಅನುಭವವೇನೂ ಅಲ್ಲ. 1893ರಲ್ಲಿ ಮ್ಯಾಗ್ನಸ್ ಆಂಡರ್ಸನ್ ಎಂಬ ನಾರ್ವೆಯ ಕ್ಯಾಪ್ಟನ್ ವೈಕಿಂಗ್ ಹಡಗಿನ ಪ್ರತಿಯೊಂದನ್ನು ಅಟ್ಲಾಂಟಿಕ್ ದಾಟಿಸಿದಾಗಲೂ ಅದರ ಅಂಚು ಅಲೆಗೆ ತಕ್ಕಂತೆ ತಿರುಚಿಕೊಳ್ಳುವುದನ್ನು ಗಮನಿಸಿದ್ದರು. ಗಟ್ಟಿ ಅಂದರೆ ಬಿರುಸು ಎಂದು ನಾವು ತಿಳಿಯುತ್ತೇವೆ, ಅಲ್ವಾ? ಈ ದೋಣಿಗಳ ಗಟ್ಟಿತನ ಬೇರೆ ಜಾತಿಯದು.

ಫೇರೋದಲ್ಲಿ ಟ್ರೋಂಡುರ್ ಪಾಟುರ್ಸನ್ ಎಂಬ ಕಲಾವಿದ ಜೊತೆಗೂಡಿದರು. ಸಮುದ್ರದ ಹಕ್ಕಿಗಳನ್ನು ಗಾಳಕ್ಕೆ ಸಿಕ್ಕಿಸಿ ಅಡುಗೆ ಮಾಡಬಲ್ಲ ಆಸಾಮಿ. ದೋಣಿಯಲ್ಲಿ ಹಳೆಯ ಕಾಲಕ್ಕೆ ಅತಿ ಹತ್ತಿರ ಇದ್ದ ಮನುಷ್ಯ ಅವರೇ ಅನ್ನಬಹುದು. ಫೇರೋ ಎಂಬ ಹೆಸರಿನ ಅರ್ಥವೇ ಕುರಿಗಳ ದ್ವೀಪ, ಮತ್ತು ಕಥೆಯಲ್ಲೊಂದು ಕುರಿಗಳ ದ್ವೀಪ ಬರುತ್ತದೆ. ಐಸ್‌ಲ್ಯಾಂಡಿನ ಜ್ವಾಲಾಮುಖಿಗೂ ಕೆಂಡ ಎಸೆಯುವ ಕಮ್ಮಾರರಿಗೂ, ಮಂಜುಪರ್ವತಕ್ಕೂ ಸ್ಫಟಿಕದ ಕಂಬಕ್ಕೂ ಸಂಬಂಧ ಕಲ್ಪಿಸುವುದು ಕಷ್ಟವಲ್ಲ. ತಿಮಿಂಗಿಲಗಳಂತೂ ಈ ದೋಣಿಯ ಹತ್ತಿರಕ್ಕೇ ಬಂದು ನೋಡಿ ಹೋಗುತ್ತಿದ್ದವು. ತಮ್ಮ ಹಾಗೇ ಇರುವ, ಸದ್ದಿಲ್ಲದ, ತೊಗಲಿನ ಮೈಯ ಪ್ರಾಣಿ ಎಂದುಕೊಂಡವೋ ಏನೋ. ಈ ಹೋಲಿಕೆಗಳು ಚೆಂದ ಇವೆ, ಆದರೆ ನಾನು ಇವುಗಳಿಗೆ ಕಡಿಮೆ ಅಂಕ ಕೊಡುತ್ತೇನೆ. ಉತ್ತರ ಅಟ್ಲಾಂಟಿಕ್ ಕಂಡ ಯಾರೇ ಆದರೂ ಇವನ್ನು ಕಥೆಗೆ ಸೇರಿಸಬಹುದಿತ್ತು. ಬ್ರೆಂಡನ್ನೇ ಆಗಬೇಕಿರಲಿಲ್ಲ.

ಗ್ರೀನ್‌ಲ್ಯಾಂಡಿನ ಸುತ್ತ ಆ ವರ್ಷ ಮಂಜುಗಡ್ಡೆ ಜಾಸ್ತಿ ಇತ್ತು. ದೋಣಿಯನ್ನು ಐಸ್‌ಲ್ಯಾಂಡಿನ ರೇಕ್ಯವಿಕ್‌ನಲ್ಲಿ ದಡಕ್ಕೆಳೆದು ಚಳಿಗಾಲ ಕಳೆದರು.

ಬುತ್ತಿ ಬದಲಾಯಿತು

ಈ ಬಿಡುವಿನಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಮೊದಲ ಬೇಸಿಗೆಗೆ ಅವರು ಒಯ್ದಿದ್ದು ಆ ಕಾಲದ ಆಧುನಿಕ ಆಹಾರ, ಒಣಗಿಸಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮುಚ್ಚಿದ್ದು. ತೆರೆದ ದೋಣಿಯಲ್ಲಿ ಪೊಟ್ಟಣಗಳಿಗೆ ಉಪ್ಪುನೀರು ನುಗ್ಗಿತು. ತುಂಬ ಹಾಳಾಯಿತು. ಎರಡನೇ ಬೇಸಿಗೆಗೆ ಅವರು ಹಳೆಯ ದಾರಿಗೆ ಬಂದರು. ಹೊಗೆಯಲ್ಲಿ ಒಣಗಿಸಿದ ಮಾಂಸ, ಉಪ್ಪು ಹಾಕಿದ ಹಂದಿಮಾಂಸ, ಓಟ್ಸ್, ಹೇಝಲ್ ಕಾಯಿ, ಗಟ್ಟಿ ಚೀಸ್. ಇವು ನೆನೆದರೂ ತಿನ್ನಬಹುದಾಗಿತ್ತು. ಸಲಕರಣೆಗಳಲ್ಲೂ ಅದೇ ಕಥೆ. ಲೋಹ ತುಕ್ಕು ಹಿಡಿಯಿತು, ಪ್ಲಾಸ್ಟಿಕ್ ಒಡೆಯಿತು. ಉಣ್ಣೆ, ತೊಗಲು, ಮರ, ನಾರು ಬಾಳಿಕೆ ಬಂದವು.

ಇದನ್ನು ಕೇಳಿ "ಹಳೆಯದೆಲ್ಲ ಒಳ್ಳೆಯದು" ಎಂದು ಕುಣಿಯಬೇಕಾಗಿಲ್ಲ. ಪ್ಲಾಸ್ಟಿಕ್ ಪೊಟ್ಟಣ ಮುಚ್ಚಿದ ಹಡಗಿನಲ್ಲಿ ಚೆನ್ನಾಗಿಯೇ ಇರುತ್ತದೆ. ಒದ್ದೆಯಾಗುವುದೇ ನಿಯಮವಾದ ಕಡೆ, ಒದ್ದೆಯಾದರೂ ಕೆಡದ ವಸ್ತು ಬೇಕು ಅಷ್ಟೇ. ಜೊತೆಗೆ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಇವರ ಬಳಿ ರೇಡಿಯೊ ಇತ್ತು, ಜೀವರಕ್ಷಕ ತೆಪ್ಪ ಇತ್ತು, ನೀರು ತಾಗದ ಉಡುಪು ಇತ್ತು. ಸತ್ತರೂ ಪರವಾಗಿಲ್ಲ ಎಂದು ಹೊರಟವರಲ್ಲ. ಹೊರಡಬಾರದು ಕೂಡ.

ಎರಡು ಸಲ ತೊಗಲು ಬೇಕಾಯಿತು

1977ರ ಮೇ ತಿಂಗಳಲ್ಲಿ ಮತ್ತೆ ಹೊರಟರು. ಇದು ನಿಜವಾದ ಪರೀಕ್ಷೆ. ಗ್ರೀನ್‌ಲ್ಯಾಂಡಿನ ಹತ್ತಿರ ಬಿರುಗಾಳಿ ಹಿಡಿಯಿತು. ದೊಡ್ಡ ಅಲೆ ಹಿಂದಿನಿಂದ ಬಂದು ದೋಣಿಯೊಳಗೇ ಕುಸಿಯಿತು. ಮತ್ತೆ ಬಂತು, ಮತ್ತೆ ಕುಸಿಯಿತು. ದೋಣಿಯ ಮೈಗೆ ಏನೂ ಆಗಿರಲಿಲ್ಲ. ತೊಂದರೆ ಇದ್ದದ್ದು ಮೇಲೆ. ಮಲಗುವ ಗೂಡಿಗೂ ಚುಕ್ಕಾಣಿ ಹಿಡಿದವನಿಗೂ ನಡುವೆ ಬಾಯಿ ತೆರೆದ ಜಾಗವೊಂದಿತ್ತು. ನೀರು ನುಗ್ಗುತ್ತಿದ್ದದ್ದು ಅಲ್ಲಿಂದ. ಇನ್ನೆರಡು ಅಲೆ ಬಂದರೆ ಕಥೆ ಮುಗಿಯುತ್ತಿತ್ತು.

ಆಗ ಸೆವೆರಿನ್‌ಗೆ ನೆನಪಾದದ್ದು ರೋಮನ್ ಸೈನಿಕರ ಒಂದು ವ್ಯೂಹ. ಗುರಾಣಿಗಳನ್ನು ಒಂದರ ಮೇಲೊಂದು ಹೊಂದಿಸಿ ತಲೆಯ ಮೇಲೆ ಹಿಡಿದು, ಆಮೆಯ ಚಿಪ್ಪಿನ ಹಾಗೆ ಮುಂದೆ ಸಾಗುವುದು. ದೋಣಿಯಲ್ಲಿ ಹೆಚ್ಚುವರಿ ತೊಗಲು ಇತ್ತು. ಅದನ್ನು ತೆಗೆದು, ತುಂಡು ಮಾಡಿ, ತೂತು ಹೊಡೆದು, ಮಿಣಿ ಏರಿಸಿ, ಬಾಯಿ ತೆರೆದ ಜಾಗದ ಮೇಲೆ ಹೆಂಚಿನ ಹಾಗೆ ಒಂದರ ಮೇಲೊಂದು ಕಟ್ಟಿದರು. ಮುಂದಿನ ಅಲೆ ಬಂದು ಬಡಿದಾಗ ನೀರು ಆ ಚಿಪ್ಪಿನ ಮೇಲೆ ಉರುಳಿ ಹೋಯಿತು. ಬಿರುಗಾಳಿಯ ನಡುವೆ, ದೋಣಿಯ ಆಕಾರವನ್ನೇ ಬದಲಾಯಿಸಿದರು ನೋಡಿ! ಕಬ್ಬಿಣದ ಹಡಗಿನಲ್ಲಿ ಕೂತವನಿಗೆ ಇದು ಆಗುವ ಕೆಲಸವಾ?

ಎರಡನೇ ಸಲ ಬೇಕಾದದ್ದು ಜೂನ್‌ನಲ್ಲಿ, ಕೆನಡಾದ ಲ್ಯಾಬ್ರಡಾರ್ ತೀರದ ಆಚೆಗೆ. ದೋಣಿ ಮಂಜುಗಡ್ಡೆಗಳ ನಡುವೆ ಸಿಕ್ಕಿಕೊಂಡಿತು. ಗಡ್ಡೆಗಳು ಎರಡೂ ಕಡೆಯಿಂದ ಒತ್ತಿದವು, ಉಜ್ಜಿದವು. ಕೊನೆಗೆ ಒಂದು ಕಡೆ, ನೀರಿನ ಮಟ್ಟಕ್ಕಿಂತ ಕೆಳಗೆ, ತೊಗಲು ಹರಿಯಿತು. ಪಂಪ್ ಮಾಡಿದರು. ನಿಲ್ಲಿಸಿದರೆ ನೀರು ಏರುತ್ತಿತ್ತು. ರಾತ್ರಿಯಿಡೀ ಸರದಿಯ ಮೇಲೆ ಪಂಪ್ ಹೊಡೆಯುವುದೇ ಕೆಲಸ. ಸಹಾಯಕ್ಕೆ ಬರುವ ಹಡಗು ಎಷ್ಟೇ ಬೇಗ ಅಂದರೂ ಕೂಡಲೇ ತಲುಪುವ ಜಾಗವಲ್ಲ ಅದು. ತೋಳಿನ ಬಲ ಮುಗಿದರೆ ಎಲ್ಲ ಮುಗಿಯಿತು.

ಬೆಳಗಾದ ಮೇಲೆ ತೂತು ಹುಡುಕಿದರು. ಸಿಕ್ಕಿತು. ಈಗ ಅದಕ್ಕೆ ತೇಪೆ ಹಾಕಬೇಕು, ಅದೂ ಹೊರಗಿನಿಂದ. ಒಬ್ಬ ದೋಣಿಯ ಅಂಚಿನಿಂದ ಹೊರಗೆ ಬಗ್ಗಿ ನೇತಾಡಿದ. ಇನ್ನೊಬ್ಬ ಒಳಗೆ, ಹಂದರದ ಸಂದಿಯಲ್ಲಿ ತೂರಿಕೊಂಡ. ಹೊರಗಿದ್ದವನು ದಬ್ಬಣ ಚುಚ್ಚಿ ಸೂಜಿ ದಾಟಿಸಬೇಕು, ಒಳಗಿದ್ದವನು ಹಿಡಿದು ಜಗ್ಗಿ ಮತ್ತೆ ವಾಪಸ್ ದಾಟಿಸಬೇಕು. ಒಬ್ಬರಿಗೊಬ್ಬರು ಕಾಣುವುದಿಲ್ಲ. ನಡುವೆ ಕಾಲು ಇಂಚಿನ ತೊಗಲು, ಅದರ ಮೇಲೆ ಇನ್ನೊಂದು ಪದರ. ದೋಣಿ ವಾಲಿದಾಗಲೆಲ್ಲ ಹೊರಗಿದ್ದವನ ತಲೆ ಮಂಜು ತೇಲುವ ನೀರಿನಲ್ಲಿ ಮುಳುಗುತ್ತಿತ್ತು. ಮೇಲೆ ಬಂದ ಕೂಡಲೇ ಉಸಿರೆಳೆದು ಇನ್ನೊಂದು ಹೊಲಿಗೆ. ಗಂಟೆಗಟ್ಟಲೆ ಹೀಗೇ ಹೊಲಿದರು. ಕೊನೆಯ ಹೊಲಿಗೆ ಬಿದ್ದ ಮೇಲೆ ನೀರು ನಿಂತಿತು.

1977ರ ಜೂನ್ 26ರಂದು ಅವರು ಕೆನಡಾದ ನ್ಯೂಫೌಂಡ್‌ಲೆಂಡಿನ ಪೆಕ್‌ಫರ್ಡ್ ದ್ವೀಪ ಮುಟ್ಟಿದರು. ಒಟ್ಟು ದಾರಿ ಸುಮಾರು 7,200 ಕಿಲೋಮೀಟರ್.

ಈಗ ಆ ಸಾಮಾನು ಪಟ್ಟಿಯನ್ನು ಮತ್ತೆ ಓದಿ. ಇನ್ನೆರಡು ದೋಣಿಗಾಗುವಷ್ಟು ತೊಗಲು. ಬಳಿಯಲು ಜಿಡ್ಡು. ಈ ಸಾಲು ಬರೆದವನು, ಅಥವಾ ಅವನಿಗೆ ಹೇಳಿಕೊಟ್ಟವನು, ತೊಗಲಿನ ದೋಣಿಯಲ್ಲಿ ದೂರ ಹೋಗಿ ಬಂದವನು ಎಂಬುದರಲ್ಲಿ ನನಗೆ ಅನುಮಾನ ಉಳಿದಿಲ್ಲ. ದಡದಲ್ಲಿ ಕೂತವನಿಗೆ ದೋಣಿ ಅಂದರೆ ಕಟ್ಟಿ ಮುಗಿದ ವಸ್ತು. ಹೋಗಿ ಬಂದವನಿಗೆ ಅದು ದಾರಿಯುದ್ದಕ್ಕೂ ಕಟ್ಟುತ್ತಲೇ ಇರಬೇಕಾದ ವಸ್ತು.

ಏನು ಸಾಬೀತಾಗಲಿಲ್ಲ

ಮರುದಿನದ ಸುದ್ದಿಗೆ ಸುಲಭವಾಗಿ ಬರುವ ತಲೆಬರಹ "ಕೊಲಂಬಸನಿಗಿಂತ ಮೊದಲೇ ಬ್ರೆಂಡನ್ ಅಮೆರಿಕಕ್ಕೆ". ಈ ಯಾನ ಅದನ್ನು ಹೇಳುವುದಿಲ್ಲ. ಸೆವೆರಿನ್‌ಗೆ ಪಶ್ಚಿಮದಲ್ಲಿ ನೆಲ ಇದೆ ಎಂದು ಗೊತ್ತಿತ್ತು. ಅದು ಎಷ್ಟು ದೂರ ಎಂದು ಗೊತ್ತಿತ್ತು. ಮಂಜಿನ ವರದಿ ಕೇಳಿ ಒಂದು ವರ್ಷ ಕಾಯುವ ತೀರ್ಮಾನ ಮಾಡಿದರು. 6ನೇ ಶತಮಾನದ ಸನ್ಯಾಸಿಗೆ ಇದ್ಯಾವುದೂ ಇಲ್ಲ. ತುದಿ ಗೊತ್ತಿಲ್ಲದ ನೀರಿನಲ್ಲಿ "ಇನ್ನೊಂದು ದಿನ ಹೋಗೋಣ" ಎನ್ನುವ ಮನಸ್ಸನ್ನು ಯಾವ ಮರುಪ್ರಯೋಗವೂ ಮರುಸೃಷ್ಟಿಸಲಾರದು. ಮೇಲಾಗಿ ಕಥೆಯ ಬ್ರೆಂಡನ್ ಮನೆಗೆ ಹಿಂದಿರುಗುತ್ತಾರೆ. ಈ ದೋಣಿ ಆ ವಾಪಸ್ ದಾರಿಯನ್ನು ಪರೀಕ್ಷಿಸಲಿಲ್ಲ.

'ಆಗಬಹುದಿತ್ತು' ಎಂಬುದಕ್ಕೂ 'ಆಯಿತು' ಎಂಬುದಕ್ಕೂ ಇರುವ ಅಂತರಕ್ಕೆ ಪ್ರಸಿದ್ಧ ಉದಾಹರಣೆ ನಾರ್ವೆಯ ಥಾರ್ ಹೆಯರ್ಡಾಲ್. ಪೆಸಿಫಿಕ್ ಸಮುದ್ರದ ಪಾಲಿನೇಷ್ಯಾ ದ್ವೀಪಗಳಿಗೆ ಜನ ದಕ್ಷಿಣ ಅಮೆರಿಕದಿಂದ ಬಂದಿರಬಹುದು ಎಂಬುದು ಅವರ ವಾದ. 1947ರಲ್ಲಿ ಅವರು ಬಾಲ್ಸಾ ಮರದ ತೆಪ್ಪದಲ್ಲಿ ಪೆರುವಿನಿಂದ 101 ದಿನ ತೇಲಿ ಪಾಲಿನೇಷ್ಯಾ ಮುಟ್ಟಿದರು. ಯಾನ ಅದ್ಭುತ. ಆದರೆ ಪಾಲಿನೇಷ್ಯಾದ ಜನ ಮೂಲತಃ ಬಂದದ್ದು ಪಶ್ಚಿಮದಿಂದ, ಏಷ್ಯಾದ ಕಡೆಯಿಂದ. ಭಾಷೆ, ಪುರಾತತ್ವ, ಅನುವಂಶೀಯತೆ ಎಲ್ಲವೂ ಅದನ್ನೇ ಹೇಳುತ್ತವೆ. ಉಲ್ಟಾ ಉದಾಹರಣೆಯೂ ಇದೆ. 2005ರಲ್ಲಿ ಕಂಚಿನ ಯುಗದ ಮಾದರಿಯ ಜೊಂಡಿನ ದೋಣಿಯೊಂದು ಓಮಾನಿನಿಂದ ಗುಜರಾತಿನತ್ತ ಹೊರಟು, ತೀರದಿಂದ ಹೆಚ್ಚು ದೂರ ಹೋಗುವ ಮುಂಚೆಯೇ ಮುಳುಗಿತು. ಎಲ್ಲರೂ ಬದುಕುಳಿದರು. ಅಷ್ಟಕ್ಕೇ ಆ ಕಾಲದ ವ್ಯಾಪಾರವೇ ಸುಳ್ಳು ಎನ್ನಲಾಗುತ್ತದಾ? ಓಮಾನಿನ ರಾಸ್ ಅಲ್ ಜಿನ್ಝ್‌ನಲ್ಲಿ ದೋಣಿಗೆ ಮೆತ್ತಿದ್ದ ಡಾಂಬರಿನ ತುಂಡುಗಳು ಸಿಕ್ಕಿವೆ. ಒಂದು ಮೈಯಲ್ಲಿ ಜೊಂಡಿನ ಅಚ್ಚು, ಇನ್ನೊಂದು ಮೈಯಲ್ಲಿ ಸಮುದ್ರದ ಚಿಪ್ಪುಜೀವಿಗಳು. ತೇಲಿದರೆ ನಿಜ, ಮುಳುಗಿದರೆ ಸುಳ್ಳು ಎನ್ನುವ ಹಾಗಿದ್ದರೆ ಇತಿಹಾಸ ಬರೆಯುವುದು ಬಹಳ ಸುಲಭವಾಗುತ್ತಿತ್ತು.

ಪೆಕ್‌ಫರ್ಡ್ ಇರುವುದು ನ್ಯೂಫೌಂಡ್‌ಲೆಂಡಿನ ತೀರಕ್ಕೆ ಅಂಟಿಕೊಂಡ ಹಾಗೆ. ಅದೇ ನ್ಯೂಫೌಂಡ್‌ಲೆಂಡಿನ ಉತ್ತರ ತುದಿಯಲ್ಲಿ ಲಾನ್ಸ್ ಓ ಮೆಡೋಸ್ ಎಂಬ ಜಾಗವಿದೆ. 1960ರ ದಶಕದಲ್ಲಿ ಅಲ್ಲಿ ಅಗೆದಾಗ ನಾರ್ಸ್ ಜನರ, ಅಂದರೆ ವೈಕಿಂಗ್ ಕಾಲದ ನಾರ್ವೆ ಮೂಲದವರ, ಮನೆಗಳ ಬುನಾದಿ ಸಿಕ್ಕಿತು. ಅವರು ಅಲ್ಲಿ 1021ರಲ್ಲಿ ಮರ ಕಡಿದಿದ್ದರು ಎಂಬುದು ಮರದ ಕಾಂಡದೊಳಗಿನ ಬೆಳವಣಿಗೆಯ ಉಂಗುರಗಳ ಪರೀಕ್ಷೆಯಿಂದ 2021ರಲ್ಲಿ ಖಚಿತವಾಯಿತು. ಐರಿಶ್ ಸನ್ಯಾಸಿಗಳದ್ದು ಎನ್ನಬಹುದಾದ ಒಂದೇ ಒಂದು ಖಚಿತ ವಸ್ತು ಅಮೆರಿಕದ ನೆಲದಲ್ಲಿ ಇದುವರೆಗೆ ಸಿಕ್ಕಿಲ್ಲ. ನಾರ್ಸ್ ಜನ ಕಬ್ಬಿಣದ ಮೊಳೆ ಹೊಡೆದು ಹಡಗು ಕಟ್ಟುವವರು. ಹಡಗು ದುರಸ್ತಿಯ ಹಳೆಯ ಮೊಳೆಗಳು, ಕಬ್ಬಿಣ ಕರಗಿಸಿದ ಕಿಟ್ಟ ಮಣ್ಣಿನಲ್ಲಿ ಉಳಿದವು. ತೊಗಲಿನ ದೋಣಿಯವನು ದಡದಲ್ಲಿ ಕೂತು ತೇಪೆ ಹಾಕಿ ಎದ್ದು ಹೋದರೆ ಅಲ್ಲಿ ಬಿದ್ದಿರುವುದು ತೊಗಲಿನ ಚೂರು, ನಾರಿನ ತುಂಡು, ಒಂದಿಷ್ಟು ಕುರಿಕೊಬ್ಬು. ಒಂದೆರಡು ಮಳೆಗಾಲಕ್ಕೆ ಅದೂ ಇಲ್ಲ.